ಕೊಡ ನೀರಿಲ್ಲದಿದ್ದರೂ ಮಾಳಿಗೆ ತುಂಬ ಹೂವು!

ಚಿತ್ರದುರ್ಗದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಆಚೆಗೆ ಒಂದು ಹಳೇ ಸೈಕಲ್ ಶಾಪ್. ಪಂಕ್ಚರ್ ಹಾಕಿಸಲು ಬಂದವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ತಲೆ ಎತ್ತಿ ಮಾಳಿಗೆಯ ಕಡೆ ನೋಡುತ್ತ ನಿಂತುಬಿಡುತ್ತಾರೆ. ಚಳ್ಳಕೆರೆ ಬಸ್ಸಿಗೆ ಕಾಯುವವರೂ ಅಷ್ಟೆ. ಮೇ ತಿಂಗಳು, ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನಾಯಿ ಕೂಡ ನೆರಳು ಬಿಟ್ಟು ಏಳುತ್ತಿಲ್ಲ. ನಲ್ಲಿಯ ಮುಂದೆ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತಿವೆ. ಆದರೆ ಆ ಮಾಳಿಗೆಯ ಮೇಲೆ ಮಾತ್ರ ಕೆಂಪು, ಗುಲಾಬಿ, ಹಳದಿ ಹೂಗಳು ಬಿಸಿಲಿಗೆ ಹಲ್ಲು ಬಿಟ್ಟು ನಗುತ್ತಿವೆ!

ಇದೇನು ಮಾಯ? ಈ ಮನೆಯವರಿಗೆ ಮಾತ್ರ ಬೇರೆ ನಲ್ಲಿ ಇದೆಯಾ? ಟ್ಯಾಂಕರ್ ತರಿಸ್ತಾರಾ? ಬೀದಿಯವರಿಗೆ ಅನುಮಾನ. ಅನುಮಾನ ಪರಿಹಾರ ಮಾಡೋಣ ಅಂತಲೇ ನಾನು ಮೆಟ್ಟಿಲು ಹತ್ತಿದೆ.

ಶಾಪಿನ ಯಜಮಾನರಿಗೆ ಅರವತ್ತರ ಹತ್ತಿರ. ಕೈತುಂಬ ಗ್ರೀಸು. 'ಬರೀರಿ ಸಾರ್, ಬೇಡ ಅನ್ನಲ್ಲ. ನನ್ನ ಹೆಸರು ಮಾತ್ರ ಹಾಕಬೇಡಿ. ನಾಳೆಯಿಂದ ಪಂಕ್ಚರ್‌ನೋರು ಬರಲ್ಲ, ಬರೀ ಗಿಡ ಕೇಳೋರೇ ಬರ್ತಾರೆ' ಅಂದರು. ಆದ್ದರಿಂದ ಹೆಸರು ಹಾಕಿಲ್ಲ.

ಮಲ್ಲಿಗೆ ಹೋದ ವರ್ಷ

ಮೊದಲು ಇವರ ಮಾಳಿಗೆಯ ಮೇಲೆ ಇದ್ದದ್ದು ಮಲ್ಲಿಗೆ, ಗುಲಾಬಿ, ಸೇವಂತಿಗೆ. ಇಪ್ಪತ್ತು ಕುಂಡ. ಮನೆಯಾಕೆ ಬೆಳಗ್ಗೆ ಎದ್ದು ಮೊದಲು ಗಿಡಕ್ಕೆ ನೀರು ಹಾಕಿ ಆಮೇಲೆ ಕಾಫಿಗೆ ಇಡುತ್ತಿದ್ದರು. ದೇವರ ಹೂವಿಗೆ ಅಂಗಡಿಗೆ ಹೋದದ್ದೇ ಇಲ್ಲ.

ಆಮೇಲೆ ಬಂತು ನೋಡಿ 2023ರ ಬರ. ಮಳೆರಾಯ ಕೈಕೊಟ್ಟ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ನಮ್ಮ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ವಿಚಿತ್ರ ಏನಪ್ಪಾ ಅಂದರೆ, ಅದರ ಹಿಂದಿನ ವರ್ಷ, 2022ರ ಸೆಪ್ಟೆಂಬರಿನಲ್ಲಿ, ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. ಅದಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ! 89 ವರ್ಷ ಆದಮೇಲೆ ಮಾರಿಕಣಿವೆ ತುಂಬಿತು ಅಂತ ಬಸ್ಸು ಮಾಡಿಕೊಂಡು ಹೋಗಿ ನೋಡಿ ಬಂದವರೇ, ಮುಂದಿನ ಬೇಸಿಗೆಗೆ ಕೊಡ ಹಿಡಿದು ನಿಂತರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು ಅನ್ನಿ. ಒಂದು ವರ್ಷ ಕೋಡಿ, ಒಂದು ವರ್ಷ ಬರ. ಇದು ನಮ್ಮ ಸೀಮೆಯ ಹಣೆಬರಹ.

'ಒಂದಿನ ನಮ್ಮನೇಲಿ ಉಳಿದಿದ್ದೇ ಮೂರು ಕೊಡ ನೀರು' ಅಂತ ಯಜಮಾನರು ನೆನಪು ಮಾಡಿಕೊಂಡರು. 'ನಾನು ಎರಡು ಕೊಡ ಎತ್ತಿಕೊಂಡು ಮಾಳಿಗೆ ಹತ್ತೋಕೆ ಹೊರಟೆ. ಇವಳು ಅಡ್ಡ ನಿಂತಳು. "ಗಿಡಕ್ಕೆ ಹಾಕ್ತೀರೋ, ಅನ್ನಕ್ಕೆ ಇಡಲೋ? ಒಂದು ಹೇಳಿ" ಅಂದಳು. ನಾನು ಏನು ಹೇಳ್ಲಿ?'

ಕೊಡ ಕೆಳಗಿಟ್ಟರು. ಹದಿನೈದು ದಿನದಲ್ಲಿ ಇಪ್ಪತ್ತು ಕುಂಡವೂ ಒಣಗಿ ಕಡ್ಡಿಯಾಯಿತು. ಕೊನೆಯ ಮಲ್ಲಿಗೆ ಬಳ್ಳಿ ಕಿತ್ತು ಹಾಕಿದ ದಿನ ಮನೆಯಾಕೆ ಊಟ ಮಾಡಲಿಲ್ಲವಂತೆ. ಅಡ್ಡ ನಿಂತವರೂ ಅವರೇ, ಅತ್ತವರೂ ಅವರೇ.

ಈ ಕಷ್ಟ ನಮ್ಮ ಒಂದು ಬೀದಿಯದಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲೇ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯೋದಕ್ಕೆ ಬಳಸಬಾರದು, ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆಜ್ಞೆ ಹೊರಡಿಸಿತ್ತು. ಗಿಡಕ್ಕೆ ನೀರು ಹಾಕೋದು ತಪ್ಪಾಗುವ ಕಾಲವೂ ಬಂತು ಅಂದ ಮೇಲೆ, ಹೂವಿನ ಆಸೆ ಇರುವವನು ಏನು ಮಾಡಬೇಕು? ನೀರು ಕೇಳದ ಗಿಡ ಹುಡುಕಬೇಕು. ನಮ್ಮ ಯಜಮಾನರು ಮಾಡಿದ್ದು ಅದನ್ನೇ.

ಮಾಳಿಗೆಯ ಮೇಲೆ ಏನೇನಿದೆ?

ಈಗ ಅಲ್ಲಿ ನಲವತ್ತು ಕುಂಡ ಇದೆ. ಕುಂಡ ಅಂದರೆ ಎಲ್ಲವೂ ಕುಂಡ ಅಲ್ಲ. ಒಡೆದ ಮಡಕೆ, ಎಣ್ಣೆ ಡಬ್ಬ, ಹಳೇ ಬಾಂಡ್ಲಿ, ಒಂದು ಸ್ಕೂಟರಿನ ಹೆಡ್‌ಲೈಟ್ ಬಟ್ಟಲೂ ಇದೆ. ಎಲ್ಲದರ ತಳಕ್ಕೂ ತೂತು.

ಮೊದಲ ಸಾಲಿನಲ್ಲಿ ನಮಗೆಲ್ಲ ಗೊತ್ತಿರುವ ಹತ್ತು ಗಂಟೆ ಹೂವು. ಬಿಸಿಲು ಏರಿದಾಗ ಅರಳಿ, ಇಳಿದಾಗ ಮುದುಡುವ ಪೋರ್ಚುಲಕ. ತುಂಡು ಮುರಿದು ಚುಚ್ಚಿದರೆ ಸಾಕು, ಹಿಡಿದುಕೊಳ್ಳುತ್ತದೆ. ಇದರ ತವರು ದಕ್ಷಿಣ ಅಮೆರಿಕ ಅಂದರೆ ನಮ್ಮ ಅಜ್ಜಿಯರು ನಂಬುತ್ತಿರಲಿಲ್ಲ.

ಎರಡನೇ ಸಾಲು ಮುಳ್ಳಿನ ಯುಫೋರ್ಬಿಯಾ. ಮಡಗಾಸ್ಕರ್ ದ್ವೀಪದ್ದು. ಮೈಯೆಲ್ಲ ಮುಳ್ಳು, ತುದಿಯಲ್ಲಿ ಕೆಂಪು ಗೊಂಚಲು. ನಾವು ಕೆಂಪು ದಳ ಅಂದುಕೊಳ್ಳುವುದು ನಿಜವಾಗಿ ದಳವೇ ಅಲ್ಲ, ಬಣ್ಣ ಬಂದ ಎಲೆ. ನಿಜವಾದ ಹೂವು ನಡುವೆ ಸಾಸಿವೆ ಕಾಳಿನಷ್ಟು ಸಣ್ಣದಾಗಿ ಕೂತಿರುತ್ತದೆ. ವರ್ಷದಲ್ಲಿ ಹೆಚ್ಚುಕಾಲ ಹೂವು ಇದ್ದೇ ಇರುತ್ತದೆ.

ಮೂರನೆಯದು ಅಡೀನಿಯಂ. ಬುಡ ಆನೆಯ ಕಾಲಿನ ಹಾಗೆ ದಪ್ಪ, ಮೇಲೆ ಕಣಗಿಲೆಯಂಥ ಹೂವು. ಕಣಗಿಲೆಗೆ ಇದು ನೆಂಟನೇ. ಪೂರ್ವ ಆಫ್ರಿಕಾ, ಅರೇಬಿಯಾದ ಕಲ್ಲುಗಾಡಿನಿಂದ ಬಂದದ್ದು. ಆ ದಪ್ಪ ಬುಡವೇ ಇದರ ನೀರಿನ ತೊಟ್ಟಿ. ಬೀಜದಿಂದ ಬೆಳೆಸಿದರೆ ಬುಡ ಚೆನ್ನಾಗಿ ಊದುತ್ತದೆ. ಕಡ್ಡಿ ನೆಟ್ಟರೆ ಹೂವೇನೋ ಬರುತ್ತದೆ, ಆದರೆ ಆ ಗುಡಾಣದಂಥ ಬುಡ ಅಷ್ಟು ಸುಲಭಕ್ಕೆ ಬರುವುದಿಲ್ಲ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಸತ್ತೇಹೋಯಿತು ಅಂತ ಎಷ್ಟೋ ಜನ ಇನ್ನಷ್ಟು ನೀರು ಸುರಿದು ನಿಜವಾಗಿ ಸಾಯಿಸುತ್ತಾರೆ!

ನಾಲ್ಕನೆಯದರ ಹತ್ತಿರ ಹೋಗುವಾಗ ಯಜಮಾನರು 'ಮೂಗು ಮುಚ್ಕೊಳಿ' ಅಂದರು. ನಾನು ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಅದು ಸ್ಟೇಪೇಲಿಯಾ. ದಕ್ಷಿಣ ಆಫ್ರಿಕಾದ ಕಡೆಯ ಗಿಡ. ಎಲೆ ಇಲ್ಲ, ಬೆರಳಿನಂಥ ಹಸಿರು ಕಾಂಡ, ಬುಡದಲ್ಲಿ ಊಟದ ತಟ್ಟೆಯಷ್ಟು ಅಗಲದ ನಕ್ಷತ್ರದ ಹೂವು. ಮಾಸಲು ಹಳದಿ ಮೈಮೇಲೆ ಕೆಂಪು ಗೆರೆ, ಸಣ್ಣ ಸಣ್ಣ ಕೂದಲು. ನೋಡಲು ಚೆಂದ, ವಾಸನೆ ಮಾತ್ರ ಕೊಳೆತ ಮಾಂಸದ್ದು. ಯಾಕೆ ಅಂದರೆ ಇದಕ್ಕೆ ಜೇನುಹುಳ ಬೇಡ, ನೊಣ ಬೇಕು. ಸತ್ತ ಪ್ರಾಣಿ ಅಂತ ಮೋಸಹೋಗಿ ನೊಣ ಬಂದು ಕೂರುತ್ತದೆ, ಪರಾಗ ಹೊತ್ತು ಹೋಗುತ್ತದೆ. ಮೊದಲ ಸಲ ಹೂ ಬಿಟ್ಟಾಗ ಪಕ್ಕದ ಮನೆಯವರು ಇಲಿ ಸತ್ತಿದೆ ಅಂತ ಇಡೀ ಅಟ್ಟ ಖಾಲಿ ಮಾಡಿ ಹುಡುಕಿದರಂತೆ. ಈಗ ಆ ಕುಂಡ ಮಾಳಿಗೆಯ ಕೊನೆಯ ಮೂಲೆಗೆ ಗಡಿಪಾರು.

ಬ್ರಹ್ಮಕಮಲ ಎಲ್ಲಿ ಅಂತ ನೀವು ಕೇಳಬಹುದು. ಅದು ಈ ಗುಂಪಿಗೆ ಸೇರುವುದಿಲ್ಲ. ರಾತ್ರಿ ಅರಳುತ್ತೆ ಅಂತ ನಾವು ಬೀದಿಯವರನ್ನೆಲ್ಲ ಕರೆದು ತೋರಿಸುವ ಆ ಹೂವು ಮೆಕ್ಸಿಕೋ ಕಡೆಯ ಕಾಡಿನದು. ಕಳ್ಳಿ ಜಾತಿಯದೇ ಆದರೂ ಮರದ ಮೇಲೆ, ನೆರಳಲ್ಲಿ ಬೆಳೆಯುವಂಥದ್ದು. ನಮ್ಮ ಮೇ ಬಿಸಿಲಿಗೆ ಇಟ್ಟರೆ ಸುಟ್ಟುಹೋಗುತ್ತದೆ. ಹಿಮಾಲಯದ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ರಾತ್ರಿ ಉಸಿರಾಡುವ ಗಿಡ

ಈ ಗಿಡಗಳು ನೀರಿಲ್ಲದೆ ಹೇಗೆ ಬದುಕುತ್ತವೆ? ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ಅರ್ಥವಾದ ಹಾಗೆ ಹೇಳುತ್ತೇನೆ.

ಗಿಡದ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಾಯಿಗಳಿವೆ. ಸಾಮಾನ್ಯ ಗಿಡ ಹಗಲು ಹೊತ್ತು ಬಾಯಿ ತೆರೆದು ಗಾಳಿಯಿಂದ ಇಂಗಾಲಾಮ್ಲ ಎಳೆದುಕೊಳ್ಳುತ್ತದೆ. ಆದರೆ ಬಾಗಿಲು ತೆರೆದಾಗ ಒಳಗಿನ ನೀರೂ ಆವಿಯಾಗಿ ಹೊರಗೆ ಓಡುತ್ತದೆ. ಅದಕ್ಕೇ ಮಲ್ಲಿಗೆಗೆ ದಿನಾ ನೀರು ಬೇಕು. ಈ ರಸಭರಿತ ಗಿಡಗಳಲ್ಲಿ ಬಹಳಷ್ಟು ಉಲ್ಟಾ ವ್ಯಾಪಾರ ಮಾಡುತ್ತವೆ. ಹಗಲು ಅಂಗಡಿ ಬಾಗಿಲು ಬಂದ್. ರಾತ್ರಿ ತಂಪಾದ ಮೇಲೆ ಬಾಗಿಲು ತೆರೆದು ಇಂಗಾಲಾಮ್ಲ ತುಂಬಿಕೊಂಡು, ಹುಳಿ ಮಾಡಿ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತವೆ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು, ಬಿಸಿಲಿನ ಬೆಂಕಿಯಲ್ಲಿ ಒಳಗೊಳಗೇ ಅಡಿಗೆ.

ಇದರ ಸುಳಿವು ಸಿಕ್ಕ ಕಥೆ ನಮ್ಮ ಸೀಮೆಗೂ ಹತ್ತಿರದ್ದು. ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದ ಬೆಂಜಮಿನ್ ಹೇಯ್ನ್ ಅಂತ ಒಬ್ಬ ಸಸ್ಯತಜ್ಞ. ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕೆಲಕಾಲ ಬೆಂಗಳೂರಿನ ಲಾಲ್‌ಬಾಗನ್ನೂ ನೋಡಿಕೊಂಡವನು. ನಮ್ಮ ಹಿತ್ತಲಿನ ಕಾಡುಬಸಳೆಯ ಎಲೆ ಬೆಳಗ್ಗೆ ಜಗಿದರೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ ಅನ್ನೋದನ್ನು ಆತ ಗಮನಿಸಿ 1813ರಲ್ಲಿ ಕಾಗದ ಬರೆದ. ರಾತ್ರಿ ಕೂಡಿಟ್ಟ ಹುಳಿ ಹಗಲಿಗೆ ಖರ್ಚಾಗುತ್ತದೆ ಅಂತ ವಿಜ್ಞಾನಿಗಳು ಪೂರ್ತಿ ಬಿಡಿಸಿ ಹೇಳಿದ್ದು ಬಹಳ ಕಾಲದ ಮೇಲೆ. ಪರೀಕ್ಷೆ ಮಾಡುತ್ತೇನೆ ಅಂತ ನೀವು ಕಂಡಕಂಡ ಎಲೆ ಜಗಿಯಲು ಹೋಗಬೇಡಿ ಮತ್ತೆ!

ಲೆಕ್ಕ ಬೇಕೆನ್ನುವ ಅಂಗಡಿಯವರಿಗೆ ಲೆಕ್ಕವೂ ಇದೆ. ಮಲ್ಲಿಗೆ ಕಾಲದಲ್ಲಿ ಇಪ್ಪತ್ತು ಕುಂಡಕ್ಕೆ ದಿನಕ್ಕೆ ಎರಡು ಕೊಡ, ತಿಂಗಳಿಗೆ ಅರವತ್ತು ಕೊಡ. ಈಗ ನಲವತ್ತು ಕುಂಡಕ್ಕೆ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಕುಂಡಕ್ಕೆ ಅರ್ಧ ಲೀಟರು. ತಿಂಗಳಿಗೆ ನಾಲ್ಕು ಕೊಡ. ಅದೂ ಅಕ್ಕಿ, ತರಕಾರಿ ತೊಳೆದ ನೀರು.

ನಮ್ಮ ಬೆಟ್ಟದ್ದೇ ಒಂದು ಗಿಡ

ಇಷ್ಟೂ ಪರದೇಶಿ ಗಿಡಗಳಾದವು. ಆದರೆ ಯಜಮಾನರು ಕೊನೆಗೆ ತೋರಿಸಿದ ಕುಂಡ ನೋಡಿ ನಾನು ಕೂತುಬಿಟ್ಟೆ. ಹೆಬ್ಬೆರಳು ಗಾತ್ರದ, ಗೇಣುದ್ದದ, ನಾಲ್ಕು ಮೂಲೆಯ ಬೂದು ಹಸಿರು ಕಾಂಡ. ಎಲೆ ಇಲ್ಲ. ಕಾಂಡದ ತುದಿಯ ಉದ್ದಕ್ಕೂ ನೇತಾಡುವ ಪುಟ್ಟ ಪುಟ್ಟ ನೇರಳೆ ನಕ್ಷತ್ರಗಳು. ಪ್ರತಿ ದಳದ ಅಂಚಿಗೂ ರೆಪ್ಪೆಯಂಥ ಕೂದಲು. ಗಾಳಿ ಬೀಸಿದರೆ ಆ ರೆಪ್ಪೆ ಅಲುಗುತ್ತದೆ.

ಇದು ಮಂಗನಕೋಡು! ಸಣ್ಣವನಿದ್ದಾಗ ನಾನೇ ಗುಡ್ಡದ ಮೇಲೆ ಎಷ್ಟು ಸಲ ತುಳಿದು ಓಡಾಡಿದ್ದೆನೋ. ಹತ್ತಿರ ಕೂತು ಹೂ ನೋಡಿದ್ದು ಇದೇ ಮೊದಲು.

ಮಂಗರವಳ್ಳಿಯೂ ನಾಲ್ಕು ಮೂಲೆಯದೇ, ಆದರೆ ಅದು ಗಂಟು ಗಂಟಾಗಿ ಬಳ್ಳಿಯಾಗಿ ಹಬ್ಬುತ್ತದೆ. ಇದು ನೆಟ್ಟಗೆ ನಿಲ್ಲುತ್ತದೆ. ನೋಡಲು ಕಳ್ಳಿಯ ಹಾಗಿದ್ದರೂ ಕಳ್ಳಿ ಅಲ್ಲ, ಎಕ್ಕದ ಗಿಡದ ಕುಟುಂಬ. ಕಾಯಿ ಜೋಡಿಯಾಗಿ ಕೊಂಬಿನ ಹಾಗೆ ಏಳುತ್ತದೆ. ಒಡೆದರೆ ಎಕ್ಕದ ಬೀಜದಂತೆಯೇ ರೇಷ್ಮೆ ಕಟ್ಟಿಕೊಂಡು ಬೀಜ ಹಾರುತ್ತದೆ. ತೆಲುಗರು ಇದನ್ನು ಕುಂದೇಟಿ ಕೊಮ್ಮುಲು, ಅಂದರೆ ಮೊಲದ ಕೊಂಬು ಅನ್ನುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಕ್ಯಾರಲ್ಲುಮ. ಅದೂ ಲ್ಯಾಟಿನ್ ಅಲ್ಲ. ಕೋರಮಂಡಲ ತೀರದ ಗಿಡಗಳ ಬಗ್ಗೆ ಬರೆದ ರಾಕ್ಸ್‌ಬರ್ಗ್ ಸಾಹೇಬ ಅಲ್ಲಿಯ ತೆಲುಗು ಜನರ ಬಾಯಿಂದ ಕೇಳಿ ಬರೆದುಕೊಂಡ ಮಾತಿನಿಂದ ಬಂದದ್ದು.

ನರ್ಸರಿಯಲ್ಲಿ ನೂರಾರು ರೂಪಾಯಿ ಕೊಟ್ಟು ಆಫ್ರಿಕಾದ ಗಿಡ ತರುತ್ತೇವೆ. ನಮ್ಮ ಬಂಡೆಯ ಸಂದಿಯಲ್ಲೇ ಹುಟ್ಟಿ, ನಮ್ಮ ಬಿಸಿಲಿನಲ್ಲೇ ಬೆಳೆದ ಗಿಡದ ಹೆಸರು ಮಕ್ಕಳಿಗೆ ಗೊತ್ತಿಲ್ಲ.

ಹನ್ನೆರಡು ತಂದದ್ದು, ಒಂಬತ್ತು ಸತ್ತದ್ದು

'ಇದು ಎಲ್ಲಿಂದ ಬಂತು?' ಅಂತ ಕೇಳಿದೆ. ಯಜಮಾನರು ತಕ್ಷಣ ಉತ್ತರ ಕೊಡಲಿಲ್ಲ. ಗ್ರೀಸಿನ ಕೈ ಒರೆಸಿಕೊಂಡರು.

'ತಪ್ಪು ಮಾಡಿದೀನಿ ಸಾರ್. ಬರೀರಿ ಪರವಾಗಿಲ್ಲ. ಊರ ಕಡೆ ಗುಡ್ಡಕ್ಕೆ ಹೋದಾಗ ಇದರ ಹೂ ನೋಡಿ ಆಸೆ ಆಯ್ತು. ಹಾರೆ ತಗಂಡು ಹೋಗಿ ಬೇರು ಸಮೇತ ಹನ್ನೆರಡು ಗಿಡ ಕಿತ್ಕೊಂಡು ಬಂದೆ. ಗೋಣಿಚೀಲದಲ್ಲಿ ಹಾಕಿ ಬಸ್ಸಿನ ಟಾಪ್ ಮೇಲೆ ಎಸೆದೆ. ತಂದು ಎರೆಮಣ್ಣಿಗೆ ನೆಟ್ಟು, ಪಾಪ ಬಿಸಿಲಲ್ಲಿತ್ತು ಅಂತ ದಿನಾ ನೀರು ಹಾಕಿದೆ. ಒಂದು ತಿಂಗಳಿಗೆ ಒಂಬತ್ತು ಕೊಳೆತು ಹೋಯ್ತು.'

ಮತ್ತೆ ತರೋಣ ಅಂತ ಅದೇ ಗುಡ್ಡಕ್ಕೆ ಹೋದರಂತೆ. ಅಲ್ಲಿ ಕುರಿ ಕಾಯುವ ಅಜ್ಜ ಒಬ್ಬರು ಸಿಕ್ಕರು. ಹಾರೆ ನೋಡಿ ನಕ್ಕರಂತೆ.

'ಏನಪ್ಪಾ, ಬಾವಿ ತೋಡೋಕೆ ಬಂದೆಯಾ?' ಅಂದರು ಅಜ್ಜ. ವಿಷಯ ತಿಳಿದ ಮೇಲೆ ಅವರು ನಗಲಿಲ್ಲ. 'ನಾವು ಹಸಿವಾದಾಗ ಒಂದು ತುಂಡು ಮುರಿದು ಜಗೀತೀವಿ. ಬುಡ ಮುಟ್ಟಲ್ಲ. ಬುಡ ಇದ್ರೆ ಮಳೆ ಬಿದ್ದಾಗ ಮತ್ತೆ ಚಿಗುರುತ್ತೆ. ನೀನು ಬುಡಾನೇ ಕಿತ್ರೆ ನಾಳೆ ನನ್ನ ಮೊಮ್ಮಗ ಏನು ಜಗೀಬೇಕು? ಮೊದಲು ಇಲ್ಲಿ ಕಾಲಿಟ್ಟ ಕಡೆ ಇತ್ತು. ಈಗ ನೋಡು, ಹುಡುಕಬೇಕು' ಅಂದರಂತೆ.

'ಹಾರೆ ಹಿಡ್ಕೊಂಡು ಅಲ್ಲೇ ನಿಂತಿದ್ದೆ ಸಾರ್. ಅವತ್ತು ಇವಳು ಕೊಡ ಹಿಡಿದು ಅಡ್ಡ ನಿಂತಳಲ್ಲ, ಹಂಗೇ ಅನ್ನಿಸ್ತು. ನನ್ನ ಮಾಳಿಗೆ ಅಂದಕ್ಕೆ ಇನ್ನೊಬ್ಬರ ಹೊಟ್ಟೆಗೆ ಕೈ ಹಾಕಿದೀನಿ ಅಂತ' ಅಂದರು ಯಜಮಾನರು. ಹಾರೆ ಹಾಗೇ ವಾಪಸು ತಂದರು. ಉಳಿದಿದ್ದ ಮೂರು ಗಿಡವನ್ನೇ ತುಂಡು ಮಾಡಿ ಬೆಳೆಸಿದರು. ಈಗ ಮಂಗನಕೋಡೇ ಒಂಬತ್ತು ಕುಂಡ ಇದೆ. ಸತ್ತದ್ದು ಒಂಬತ್ತು, ಬೆಳೆಸಿದ್ದು ಒಂಬತ್ತು. ಲೆಕ್ಕ ಸರಿಹೋಯಿತು ಅಂತ ನಾನು ಅಂದೆ. 'ಎಲ್ಲಿ ಸರಿಹೋಯ್ತು? ಅದು ಗುಡ್ಡದಲ್ಲಿ ಇಲ್ವಲ್ಲ' ಅಂದರು ಅವರು.

ಗುಡ್ಡ ಬರಿದಾಗಲು ಹೂವಿನ ಆಸೆಯೊಂದೇ ಕಾರಣ ಅಲ್ಲ. ಕುರಿಗಾರರ ಹಸಿವು ತಡೆಯುವ ಈ ಗಿಡ ಈಗ ಪಟ್ಟಣದವರ ಬೊಜ್ಜು ಇಳಿಸುವ ಮಾತ್ರೆಯಾಗಿ ದೇಶ ವಿದೇಶಕ್ಕೆ ಹೋಗುತ್ತಿದೆ. ಅದರಿಂದ ಬೊಜ್ಜು ಇಳಿಯುತ್ತದಾ? 2007ರಲ್ಲಿ ಪ್ರಕಟವಾದ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ಪರೀಕ್ಷೆಯಲ್ಲಿ 50 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಗಿಡದ ಸಾರ 60 ದಿನ ಕೊಟ್ಟರು. ಹಸಿವು, ಸೊಂಟದ ಸುತ್ತಳತೆ ಸ್ವಲ್ಪ ಇಳಿಯಿತು. ತೂಕದಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಷ್ಟಕ್ಕೆ ಗುಡ್ಡದ ಬುಡಕ್ಕೇ ಹಾರೆ ಹಾಕಬೇಕಾ?

ಇದು ನಮ್ಮೊಬ್ಬರ ಗೋಳೂ ಅಲ್ಲ. ದಕ್ಷಿಣ ಆಫ್ರಿಕಾದ ಒಣನಾಡಿನಿಂದ 2019ರಿಂದ ಈಚೆಗೆ ಲಕ್ಷಗಟ್ಟಲೆ ಪುಟ್ಟ ಪುಟ್ಟ ರಸಭರಿತ ಗಿಡಗಳನ್ನು ಕದ್ದು ಕಿತ್ತು ಹೊರದೇಶಕ್ಕೆ ಸಾಗಿಸಿದ್ದಾರೆ. ಎಲ್ಲವೂ ಯಾರದೋ ಕಿಟಕಿಯ ಮೇಲೆ ಇಡೋದಕ್ಕೆ. ಕಿಟಕಿ ತುಂಬಿತು, ಗುಡ್ಡ ಖಾಲಿಯಾಯಿತು.

ಇನ್ನೊಂದು ಬದಿಯೂ ಇದೆ. ಮಹಾರಾಷ್ಟ್ರದ ಜುನ್ನಾರ್ ಕಡೆಯ ಕಡಿದಾದ ಬಂಡೆಗಳಲ್ಲಿ ಶಿವಸುಮನ ಅಂತ ಒಂದು ಗಿಡ. ನಮ್ಮ ಮಂಗನಕೋಡಿನ ಹತ್ತಿರದ ನೆಂಟ. 1865ರಲ್ಲಿ ಡಾಲ್ಜೆಲ್ ಎಂಬಾತ ಬೊಂಬಾಯಿ ಗವರ್ನರ್ ಫ್ರೇರನ ಹೆಸರು ಸೇರಿಸಿ ಫ್ರೇರಿಯಾ ಇಂಡಿಕಾ ಅಂತ ಕರೆದ. ಕಾಡಿನಲ್ಲಿ ಬಹಳ ವಿರಳ. ಆದರೆ ತುಂಡು ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಹಾಗಾಗಿ ದೇಶ ವಿದೇಶದ ತೋಟಗಳಲ್ಲಿ ಕೈಯಿಂದ ಕೈಗೆ ಹೋಗಿ ಬದುಕಿಕೊಂಡಿದೆ. ಅಂದರೆ ಮನೆಯ ಕುಂಡ ಗುಡ್ಡದ ಗಿಡವನ್ನು ಉಳಿಸಲೂಬಹುದು, ಅಳಿಸಲೂಬಹುದು. ತುಂಡು ಮನೆಯಿಂದ ಬಂತೋ, ಬುಡ ಗುಡ್ಡದಿಂದ ಬಂತೋ ಅನ್ನೋದರ ಮೇಲೆ ಇದೆ ಎಲ್ಲ.

ಕಾನೂನು ಹೇಳಿ ಹೆದರಿಸಬೇಕು ಅಂತಿಲ್ಲ, ಆದರೂ ತಿಳಿದಿರಲಿ. ನಮ್ಮ ಜೋಗಿಮಟ್ಟಿ 2015ರಲ್ಲಿ ವನ್ಯಜೀವಿ ಧಾಮವಾಗಿದೆ. ಅಂಥ ಕಡೆಯಿಂದ ಗಿಡ ಕಿತ್ತು ತರುವುದು ಅಪರಾಧ.

ಬೆಳೆಸೋದು ಹೇಗೆ?

ಯಜಮಾನರು ಹೇಳಿದ್ದನ್ನು ಬಸ್ಸಿನಲ್ಲಿ ಓದಿ ನೆನಪಿಟ್ಟುಕೊಳ್ಳುವ ಹಾಗೆ ಬರೆಯುತ್ತೇನೆ.

ಮೊದಲನೆಯದು ತುಂಡು. ಪರಿಚಯದವರ ಮನೆಯಿಂದ ಗೇಣುದ್ದದ ಒಂದು ತುಂಡು ಕೇಳಿ ತನ್ನಿ. ತಂದ ದಿನವೇ ನೆಡಬೇಡಿ! ಎಲ್ಲರೂ ಮಾಡುವ ತಪ್ಪು ಇದೇ. ಕತ್ತರಿಸಿದ ಗಾಯ ಹಸಿ ಇರುತ್ತದೆ. ಮಣ್ಣಿಗೆ ಇಟ್ಟರೆ ಅಲ್ಲಿಂದಲೇ ಕೊಳೆ ಶುರು. ನೆರಳಲ್ಲಿ ಐದಾರು ದಿನ ಬಿಡಿ. ಗಾಯ ಒಣಗಿ ಸಿಪ್ಪೆ ಕಟ್ಟಿದ ಮೇಲೆ ನೆಡಿ.

ಎರಡನೆಯದು ಮಣ್ಣು. ಹಿರಿಯೂರು, ಚಳ್ಳಕೆರೆ ಕಡೆಯ ಎರೆಮಣ್ಣು ಹತ್ತಿಗೆ ಒಳ್ಳೆಯದು, ಇದಕ್ಕೆ ವಿಷ. ನೀರು ಹಿಡಿದುಕೊಂಡು ಕೂರುತ್ತದೆ. ಒಂದು ಬುಟ್ಟಿ ಕೆಮ್ಮಣ್ಣು, ಒಂದು ಬುಟ್ಟಿ ದಪ್ಪ ಮರಳು, ಒಂದು ಬುಟ್ಟಿ ಇಟ್ಟಿಗೆ ಚೂರು ಅಥವಾ ಸಣ್ಣ ಜಲ್ಲಿ, ಮೇಲೆ ಒಂದು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ. ನೀರು ಹೊಯ್ದರೆ ಕಣ್ಣು ಮಿಟುಕಿಸುವುದರಲ್ಲಿ ತಳದಿಂದ ಇಳಿದು ಹೋಗಬೇಕು. ಗೊಬ್ಬರ ಜಾಸ್ತಿಯಾದರೆ ಗಿಡ ಸೊಕ್ಕಿ ಮೆತ್ತಗಾಗುತ್ತದೆ, ಹೂ ಬಿಡುವುದಿಲ್ಲ.

ಮೂರನೆಯದು ನೀರು. ಬೆರಳು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ತಂಪು ತಗುಲಿದರೆ ನೀರು ಬೇಡ. ಪೂರ್ತಿ ಒಣಗಿದ್ದರೆ ಚೆನ್ನಾಗಿ ಹಾಕಿ, ಮತ್ತೆ ಮರೆತುಬಿಡಿ. ಈ ಗಿಡ ಬಾಯಾರಿಕೆಯಿಂದ ಸಾಯೋದು ಅಪರೂಪ, ಪ್ರೀತಿ ಹೆಚ್ಚಾಗಿ ಸಾಯೋದೇ ಜಾಸ್ತಿ. ಕಾಂಡ ಸುಕ್ಕುಗಟ್ಟಿದರೆ ಹೆದರಬೇಡಿ, ನೀರು ಕಂಡ ಕೂಡಲೇ ಉಬ್ಬುತ್ತದೆ. ಬುಡ ಮೆತ್ತಗಾಗಿ ಕಪ್ಪಾದರೆ ಮಾತ್ರ ಹೆದರಿ. ಮೇಲಿನ ಒಳ್ಳೆಯ ಭಾಗ ಕತ್ತರಿಸಿ, ಒಣಗಿಸಿ ಮತ್ತೆ ನೆಡಿ.

ನಾಲ್ಕನೆಯದು ಮಳೆಗಾಲ. ನಮ್ಮಲ್ಲಿ ಬೇಸಿಗೆಗಿಂತ ಇದೇ ಕಷ್ಟದ ಕಾಲ. ಜಡಿಮಳೆ ಹಿಡಿದರೆ ಕುಂಡಗಳನ್ನು ಸೂರಿನ ಕೆಳಗೆ ಎಳೆಯಿರಿ. ಕುಂಡದ ಕೆಳಗೆ ತಟ್ಟೆ ಇಡಲೇಬೇಡಿ. ತಟ್ಟೆಯಲ್ಲಿ ನಿಂತ ನೀರು ಬೇರನ್ನೂ ಕೊಳೆಸುತ್ತದೆ, ಡೆಂಗ್ಯೂ ಸೊಳ್ಳೆಗೂ ತೊಟ್ಟಿಲಾಗುತ್ತದೆ.

ಐದನೆಯದು ಹುಳ. ಬಿಳಿ ಹತ್ತಿಯ ಹಾಗೆ ಸಂದಿಯಲ್ಲಿ ಕೂರುವುದು ಹಿಟ್ಟು ತಿಗಣೆ. ಸ್ವಲ್ಪ ಇದ್ದಾಗಲೇ ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸೋಪಿನ ನೀರು ಹಚ್ಚಿ ಉಜ್ಜಿ ತೆಗೆಯಿರಿ. ಜಾಸ್ತಿಯಾದರೆ ಬೇವಿನೆಣ್ಣೆ ಬೆರೆಸಿದ ನೀರನ್ನು ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಗಿಡದ ಮೈ ಸುಡುತ್ತದೆ.

ಒಂದು ಎಚ್ಚರಿಕೆ, ಮಕ್ಕಳಿರುವ ಮನೆಯವರು ಗಮನಿಸಿ. ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಅಡೀನಿಯಂ ರಸ ವಿಷ, ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದದ್ದು ಅದನ್ನೇ. ಕತ್ತರಿಸಿದ ಮೇಲೆ ಕೈ ತೊಳೆಯಿರಿ. ಮಕ್ಕಳ ಕೈಗೆ, ದನಕರುಗಳ ಬಾಯಿಗೆ ಎಟುಕದ ಕಡೆ ಇಡಿ. ಗೊತ್ತಿಲ್ಲದ ಗಿಡವನ್ನು ಮಂಗನಕೋಡು ಅಂದುಕೊಂಡು ಬಾಯಿಗೆ ಹಾಕಬೇಡಿ.

ಮಾರೋದಿಲ್ಲ

'ವ್ಯಾಪಾರ ಮಾಡಬಹುದಲ್ಲ ಯಜಮಾನ್ರೆ? ಸೈಕಲ್ಲಿಗಿಂತ ಲಾಭ' ಅಂತ ಕೇಳಿದೆ. ಅಡೀನಿಯಂ ಬೀಜದಿಂದ ಮಾಡಿದ ಸಸಿಗಳನ್ನು ಅಷ್ಟಿಷ್ಟು ಮಾರುತ್ತಾರಂತೆ. ಮಂಗನಕೋಡು ಮಾತ್ರ ಮಾರುವುದಿಲ್ಲ. 'ಇದಕ್ಕೆ ರೇಟು ಕಟ್ಟಿದ್ರೆ ನಾಳೆ ಇನ್ನೊಬ್ಬ ಗೋಣಿಚೀಲ ತಗಂಡು ಗುಡ್ಡಕ್ಕೆ ಹೋಗ್ತಾನೆ. ಬೇಕು ಅಂದೋರಿಗೆ ಒಂದು ತುಂಡು ಬಿಟ್ಟಿ. ಒಂದೇ ಷರತ್ತು, ಅದು ಬೆಳೆದ ಮೇಲೆ ಅವರು ಇಬ್ಬರಿಗೆ ಕೊಡಬೇಕು' ಅಂದರು.

ಅಷ್ಟರಲ್ಲಿ ಮನೆಯಾಕೆ ಕಾಫಿ ತಂದರು. ಮಲ್ಲಿಗೆ ನೆನಪಾಗುತ್ತಾ ಅಮ್ಮ ಅಂತ ಕೇಳಿದೆ. 'ಆಗದೆ ಏನು? ಇದನ್ನ ಮುಡಿಯೋಕಾಗುತ್ತಾ?' ಅಂತ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: 'ಆದ್ರೆ ಇದಕ್ಕೆ ಅಂತ ಒಂದಿನಾನೂ ಕೊಡ ಲೆಕ್ಕ ಹಾಕಿಲ್ಲಪ್ಪ. ಅಷ್ಟು ಸಾಕು.' ಒಂದು ಮೂಲೆಯಲ್ಲಿ ಹೊಸದಾಗಿ ಒಂದೇ ಒಂದು ಮಲ್ಲಿಗೆ ಕುಂಡವೂ ಇತ್ತು. ಯಜಮಾನರೇ ತಂದಿಟ್ಟದ್ದಂತೆ. ನಲವತ್ತು ಕುಂಡ ಉಳಿಸಿದ ನೀರಿನಲ್ಲಿ ಒಂದು ಕುಂಡಕ್ಕೆ ಪಾಲು.

ಬೀದಿಯವರ ಅನುಮಾನಕ್ಕೆ ಉತ್ತರ ಇಷ್ಟೇ: ಬೇರೆ ನಲ್ಲಿಯೂ ಇಲ್ಲ, ಟ್ಯಾಂಕರೂ ಇಲ್ಲ. ಮಳೆ ನಂಬಲಾಗದ ಸೀಮೆಯಲ್ಲಿ ಇರುವವರು ನಾವು. ಅಂಗಡಿಯ ಮುಂದೆ, ಮಾಳಿಗೆಯ ಮೇಲೆ, ರಸ್ತೆ ನಡುವಿನ ಕಟ್ಟೆಯ ಮೇಲೆ ನೀರು ಬೇಡುವ ಗಿಡ ಇಟ್ಟು ಬೇಸಿಗೆಗೆ ಒಣಗಿಸುವುದಕ್ಕಿಂತ, ಬಿಸಿಲಲ್ಲೇ ಹುಟ್ಟಿದ ಗಿಡ ಯಾಕೆ ಇಡಬಾರದು? ಬೇಲಿ ಕಳ್ಳಿ ಅಂತ ಮೂಗು ಮುರಿಯುವುದನ್ನು ಬಿಟ್ಟರೆ ಸಾಕು.

ಹೊರಡುವಾಗ ಯಜಮಾನರು ಒಂದು ಗೇಣುದ್ದದ ತುಂಡು ಮುರಿದು, ನಮ್ಮದೇ ಪತ್ರಿಕೆಯ ಹಳೇ ಹಾಳೆಯಲ್ಲಿ ಸುತ್ತಿ ಕೊಟ್ಟರು. 'ಆರು ದಿನ ಮುಟ್ಟಬೇಡಿ ಸಾರ್' ಅಂತ ಮೆಟ್ಟಿಲ ತನಕ ಬಂದು ಹೇಳಿದರು. ಇವತ್ತಿಗೆ ನಾಲ್ಕನೇ ದಿನ. ಆಫೀಸಿನ ಮೇಜಿನ ಮೇಲೆ ಒಣಗುತ್ತಿದೆ. ಕಸ ಗುಡಿಸುವವರು ಎರಡು ಸಲ ಎಸೆಯಲು ಹೋದರು, ತಡೆದೆ. ಭಾನುವಾರ ನೆಡುತ್ತೇನೆ. ಬೆಳೆದ ಮೇಲೆ ಇಬ್ಬರಿಗೆ ಕೊಡಬೇಕಲ್ಲ, ಕೇಳಿ ಬಂದವರಲ್ಲಿ ಮೊದಲ ಇಬ್ಬರಿಗೆ ಅದು ಸಲ್ಲುತ್ತದೆ.